ಮಾತಿಗೆ ಮೊದಲಿನ ಕಿವಿ

ಹುಟ್ಟಿದ ಕೂಸು ಏನನ್ನೂ ಅರಿಯದೆಂದೂ, ದಿನಕ್ಕಿಷ್ಟರಂತೆ ಶಬ್ದಗಳನ್ನು ಕೂಡಿಟ್ಟುಕೊಳ್ಳುತ್ತ ವರ್ಷ ತುಂಬುವ ಹೊತ್ತಿಗೆ ‘ಅಮ್ಮ’, ‘ಅಪ್ಪ’ ಎನ್ನತೊಡಗುವುದೆಂದೂ ನಾವು ನಂಬಿಕೊಂಡು ಬಂದಿರುವುದು ಸಹಜವೇ. ಆದರೆ ಶಿಶುಗಳ ಶ್ರವಣಶಕ್ತಿಯನ್ನು ಕುರಿತು ನಡೆದಿರುವ ಶೋಧನೆಗಳನ್ನು ಪರಿಶೀಲಿಸಿದವರಿಗೆ, ಭಾಷಾರ್ಜನೆಯ ಮೊದಲ ಅಧ್ಯಾಯವು ಗಳಿಕೆಯಷ್ಟೇ ಪ್ರಮಾಣದಲ್ಲಿ ತ್ಯಾಗದ ವೃತ್ತಾಂತವೂ ಆಗಿದೆಯೆಂದು ತೋರದಿರದು.

ಮಾತನಾಡಲಾರದ ಕೂಸನ್ನು ಪ್ರಶ್ನಿಸುವ ಬಗೆಯೆಂತು? 1971ರಲ್ಲಿ ಅಮೆರಿಕದ ಪೀಟರ್ ಐಮಾಸ್ ಮತ್ತು ಸಂಗಡಿಗರು ಕೂಸಿನ ಬಾಯಿಗೆ ಯಂತ್ರಕ್ಕೆ ಜೋಡಿಸಿದ ಚೀಪುವ ತೊಟ್ಟನ್ನಿತ್ತು, ಒಂದೇ ಧ್ವನಿಯನ್ನು ಮತ್ತೆ ಮತ್ತೆ ಕೇಳಿಸಿದರು. ಕೇಳಿ ಕೇಳಿ ಬೇಸತ್ತ ಕೂಸಿನ ಚೀಪುವಿಕೆ ನಿಧಾನವಾಗುತ್ತಿದ್ದಿತು. ‘ಬ’ಕಾರದ ಸ್ಥಾನದಲ್ಲಿ ‘ಪ’ಕಾರ ಬಂದೊಡನೆಯೇ ಪುನಃ ಚುರುಕಾಗುತ್ತಿದ್ದಿತು. ಒಂದೇ ತಿಂಗಳ ಹಸುಗೂಸು ಸಹ ಈ ಸೂಕ್ಷ್ಮಭೇದವನ್ನು ಗ್ರಹಿಸಬಲ್ಲುದೆಂಬುದು ಅಂದು ಸಿದ್ಧವಾಯಿತು.

ಇದಕ್ಕಿಂತಲೂ ನಮಗೆ ಹತ್ತಿರವಾದುದು ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬವರು 1984ರಲ್ಲಿ ಪ್ರಕಟಿಸಿದ ಶೋಧನೆ. ‘ಹತ್ತಿ’ಗೂ ‘ಹಟ್ಟಿ’ಗೂ ಇರುವ ಅಂತರವನ್ನು ಕನ್ನಡಿಗನಿಗೆ ಯಾರೂ ತಿಳಿಸಿ ಹೇಳಬೇಕಾಗಿಲ್ಲ, ಆದರೆ ನಾಲಗೆಯನ್ನು ಹಲ್ಲಿನ ಹಿಂದಣ ದಿಬ್ಬಕ್ಕೆ ತಾಗಿಸಿ ತನ್ನದೇ ಒಂದು ಧ್ವನಿಯನ್ನು ಹೊರಡಿಸುವ ಇಂಗ್ಲಿಷ್ ಭಾಷಿಗನ ಕಿವಿಗೆ ನಮ್ಮ ದಂತ್ಯವೂ ಮೂರ್ಧನ್ಯವೂ ಸಾಮಾನ್ಯವಾಗಿ ಒಂದೇ ಆಗಿ ಕೇಳಿಸುವುವು. ಹಿಂದಿಯ ಈ ಜೋಡಿಯನ್ನೇ ಅವರು ಇಂಗ್ಲಿಷ್ ಮನೆಗಳ ಕೂಸುಗಳಿಗೆ ಕೇಳಿಸಿದರು. ಕೂಸು ತಾಯಿಯ ತೊಡೆಯ ಮೇಲೆ ಕುಳಿತಿರುವುದು. ತಾಯಿ ತನಗರಿವಿಲ್ಲದೆಯೇ ಸುಳಿವು ಕೊಟ್ಟಾಳೆಂದು ಆಕೆಯ ಕಿವಿಗೆ ಸಂಗೀತವನ್ನು ಹಚ್ಚಿರುವರು. ಎದುರಿಗೆ ಒಬ್ಬರು ಆಟಿಕೆಯನ್ನು ಹಿಡಿದು ಮನಸ್ಸನ್ನು ಸೆಳೆಯುತ್ತಿರುವರು. ಪಕ್ಕದಿಂದ ಬರುತ್ತಿರುವ ಧ್ವನಿ ಬದಲಾದಾಗ ಕೂಸು ಅತ್ತ ತಿರುಗಿದರೆ, ಕಪ್ಪು ಪೆಟ್ಟಿಗೆಯೊಳಗಿನ ದೀಪ ಹತ್ತಿ ಬೊಂಬೆಯೊಂದು ಕುಣಿಯುವುದು. 6ರಿಂದ 8 ತಿಂಗಳ ಕೂಸುಗಳಲ್ಲಿ ಬಹುಪಾಲು ಸರಿಯಾದ ವೇಳೆಗೆ ತಿರುಗಿದುವು. 10ರಿಂದ 12 ತಿಂಗಳವುಗಳಲ್ಲಿ ಹಾಗೆ ತಿರುಗಿದವು ಕೆಲವೇ. ಕೆನಡಾದ ಆದಿವಾಸಿಗಳ ಸೇಲಿಶ್ ಕುಲದ ಭಾಷೆಯೊಂದರ ಧ್ವನಿಗಳ ವಿಷಯದಲ್ಲಿಯೂ ಫಲ ಇದೇ ಆಯಿತು. ಆಯಾ ಭಾಷೆಯ ಮನೆಯಲ್ಲಿಯೇ ಬೆಳೆದ ಕೂಸುಗಳಲ್ಲಾದರೋ ಆ ಶಕ್ತಿ ಕುಂದಿರಲಿಲ್ಲ.

ಇದನ್ನು ಹಾನಿಯೆಂದು ಭಾವಿಸಿ ಮರುಗುವುದು ಉಚಿತವೆಂದು ನನಗೆ ತೋರುವುದಿಲ್ಲ. ಕಿವಿಯೇನೂ ಮಂದವಾಗುವುದಿಲ್ಲ, ಯಾವ ಭೇದಕ್ಕೆ ಅರ್ಥವುಂಟು, ಯಾವುದಕ್ಕಿಲ್ಲ ಎಂಬ ವಿಂಗಡಣೆ ಮನಸ್ಸಿನಲ್ಲಿ ನಡೆಯುವುದು. ಒಂದೇ ಅಕ್ಷರವನ್ನು ಅಜ್ಜಿಯೊಂದು ಬಗೆಯಾಗಿಯೂ ನೆಗಡಿ ಹಿಡಿದ ಚಿಕ್ಕಪ್ಪನೊಂದು ಬಗೆಯಾಗಿಯೂ ನುಡಿಯುವ ತುಂಬಿದ ಮನೆಯಲ್ಲಿ, ಎಲ್ಲ ವ್ಯತ್ಯಾಸಗಳಿಗೂ ಸಮನಾಗಿ ಕಿವಿಗೊಡುವ ಕೂಸು ಮಾತನ್ನೆಂದು ಕಲಿತೀತು?

ಪದಗಳನ್ನು ಬೇರ್ಪಡಿಸುವುದು ಮುಂದಿನ ತೊಡಕು. ಬರಹದಲ್ಲಿರುವ ತೆರಪು ಮಾತಿನಲ್ಲಿಲ್ಲ. ಆದರೂ ‘ಬು’ ಎಂಬುದರ ಬೆನ್ನಿಗೆ ‘ವ್ವ’ ಬರುವುದು ಮೇಲಿಂದ ಮೇಲೆ. ‘ಬುವ್ವ’ದ ಬಳಿಕವೋ ‘ತಿನ್ನು’ ಬಂದೀತು, ‘ಬೇಕಾ’ ಬಂದೀತು, ಮತ್ತೇನೋ ಬಂದೀತು. ಅಕ್ಷರಗಳ ಈ ಸಾಹಚರ್ಯವನ್ನು 8 ತಿಂಗಳ ಕೂಸು ಅರ್ಥವಿಲ್ಲದ ಧ್ವನಿಪ್ರವಾಹವನ್ನು ಕೇವಲ 2 ನಿಮಿಷ ಆಲಿಸಿ ಗುರುತಿಸಬಲ್ಲುದೆಂದು ಜೆನಿ ಸ್ಯಾಫ್ರನ್ ಮತ್ತು ಸಹೋದ್ಯೋಗಿಗಳು 1996ರಲ್ಲಿ ತೋರಿಸಿದರು.

ಹಾಗಾದರೆ ಕೂಸಿನ ಮುಂದೆ ಯಂತ್ರವೊಂದನ್ನು ನುಡಿಸಿಟ್ಟರೆ ಸಾಕೆ? ಸಾಲದು. 2003ರಲ್ಲಿ ಪ್ಯಾಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಅಮೆರಿಕದ 9 ತಿಂಗಳ ಕೂಸುಗಳೊಡನೆ ಚೀನೀ ಭಾಷಿಗರನ್ನು 12 ಸಲ, ಒಟ್ಟು ಸುಮಾರು 5 ಗಂಟೆಗಳ ಕಾಲ ಆಡಲು ಬಿಟ್ಟರು. ಆ ಭಾಷೆಯ ಧ್ವನಿಭೇದವನ್ನು ಗುರುತಿಸುವ ಶಕ್ತಿ ಆ ಕೂಸುಗಳಲ್ಲಿ ಉಳಿದುಕೊಂಡಿತು. ಅದೇ ಜನ, ಅದೇ ಮಾತುಗಳು ದೂರದರ್ಶನದ ಪರದೆಯ ಮೇಲೆ ಬಂದಾಗಲಾದರೋ ಕೂಸುಗಳು ನೋಡುತ್ತಿದ್ದುವೇ ಹೊರತು ಕಲಿತುದೇನೂ ಇಲ್ಲ. ಎದುರಿಗಿರುವ ವ್ಯಕ್ತಿ ಆಟಿಕೆಯತ್ತ ನೋಡಿದರೆ ಕೂಸೂ ಅತ್ತ ನೋಡುವುದು, ಕೂಸು ಉಲಿದರೆ ಆಕೆ ಓಗೊಡುವಳು. ಪರದೆಯೊಳಗಿನವಳು ಕೂಸು ಎತ್ತ ನೋಡುತ್ತಿದೆಯೆಂಬುದನ್ನೂ ಅರಿಯಳು.