ಮಂಜುಗಡ್ಡೆಯ ಮೇಲೆ ಜಿಗಿಯುವ ಮೊದಲು ನೆಲದ ಮೇಲೆ ಇಳಿಯಲು ಕಲಿಯಲಿ

ಅಬುಧಾಬಿಯ ಝಹ್ರಾ ಲಾರಿ ಹಿಜಾಬ್ ಧರಿಸಿ ಅಂತಾರಾಷ್ಟ್ರೀಯ ಫಿಗರ್ ಸ್ಕೇಟಿಂಗ್ ಸ್ಪರ್ಧೆಗೆ ಇಳಿದ ಮೊದಲ ಕ್ರೀಡಾಪಟು. 2012ರಲ್ಲಿ ಇಟಲಿಯಲ್ಲಿ ನಡೆದ ಯುರೋಪಿಯನ್ ಕಪ್‌ನಲ್ಲಿ ತಲೆವಸ್ತ್ರದ ಕಾರಣಕ್ಕೆ ಅವರ ಅಂಕ ಕಡಿತವಾಗಿತ್ತು. ಅವರು ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟಕ್ಕೆ ವಿಷಯ ಮನವರಿಕೆ ಮಾಡಿಕೊಟ್ಟ ಬಳಿಕ ಆ ಅಡ್ಡಿ ನಿವಾರಣೆಯಾಯಿತು. ದುಬೈ, ಅಬುಧಾಬಿಯಂಥ ನಗರಗಳಲ್ಲಿ ಐಸ್ ರಿಂಕ್‌ಗಳಿವೆ. ಅಲ್ಲಿ ನೆಲೆಸಿರುವ ನಮ್ಮೂರಿನ ಕುಟುಂಬಗಳ ಮಕ್ಕಳಿಗೂ ಈ ಆಟ ಈಗ ಕೈಗೆಟಕುತ್ತದೆ. ಆದರೆ ಶರೀರ ಸಿದ್ಧವಾಗುವ ಮೊದಲೇ ಜಿಗಿತ ಕಲಿಸುವ ಅವಸರ ಬೇಡ. ಬೆಳೆಯುವ ಮಗುವಿನ ಪಾದದ ಗಂಟು, ಮೊಣಕಾಲು, ಸೊಂಟಗಳು ಅದರ ಬೆಲೆ ತೆರಬೇಕಾಗುತ್ತದೆ.

ಸ್ಕೇಟಿನ ಬ್ಲೇಡ್ ಸುಮಾರು 4 ಮಿಲಿಮೀಟರ್ ಮಾತ್ರ ಅಗಲ. ಜಿಗಿದ ಸ್ಕೇಟರ್ ಒಂದು ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಸುತ್ತು ಮುಗಿಸಿ, ಹಿಮ್ಮುಖವಾಗಿ, ಒಂದೇ ಕಾಲಿನ ಮೇಲೆ ಇಳಿಯಬೇಕು. ಆ ಕ್ಷಣದಲ್ಲಿ ಕಾಲಿನ ಮೇಲೆ ದೇಹದ ತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಗಟ್ಟಿಯಾದ ಬೂಟು ಪಾದದ ಗಂಟನ್ನು ಹೆಚ್ಚು ಬಾಗಲು ಬಿಡುವುದಿಲ್ಲ. ಹಾಗಾಗಿ ಆ ಹೊಡೆತವನ್ನು ಮೊಣಕಾಲು ಮತ್ತು ಸೊಂಟದ ಸ್ನಾಯುಗಳೇ ತಡೆದುಕೊಳ್ಳಬೇಕು. ಈ ಶಕ್ತಿಯನ್ನು ಮನೆಯ ನೆಲದ ಮೇಲೆಯೇ ಬೆಳೆಸಬಹುದು. ಹೆಣ್ಣುಮಕ್ಕಳು ಯಾರ ಕಣ್ಣಿಗೂ ಬೀಳದೆ ಮನೆಯೊಳಗೇ ಇದನ್ನು ಮಾಡಬಹುದೆಂಬುದು ಇನ್ನೊಂದು ಅನುಕೂಲ.

ವಾರಕ್ಕೆ ಮೂರು ದಿನ ಹೀಗೆ ಮಾಡಿಸಿ:

ಮೊದಲು 10 ನಿಮಿಷ ಚುರುಕು ನಡಿಗೆ, ಕೈಕಾಲು ಬೀಸುವುದು.

ಒಂಟಿ ಕಾಲಲ್ಲಿ ನಿಲ್ಲುವುದು: ಒಂದೊಂದು ಕಾಲಿನಲ್ಲಿ 30 ಸೆಕೆಂಡು. ಸುಲಭವಾದ ಮೇಲೆ ಕಣ್ಣು ಮುಚ್ಚಿ, ಗೋಡೆಯ ಪಕ್ಕದಲ್ಲಿ.

ಅರ್ಧ ಬಸ್ಕಿ: 10 ಸಲ. ಮೊಣಕಾಲು ಒಳಕ್ಕೆ ವಾಲದೆ ಪಾದದ ಬೆರಳುಗಳ ನೇರಕ್ಕೇ ಇರಲಿ.

ಪ್ಲ್ಯಾಂಕ್: ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ದೇಹವನ್ನು ನೇರವಾಗಿ 20 ಸೆಕೆಂಡು ಹಿಡಿಯುವುದು. ಗಾಳಿಯಲ್ಲಿ ತಿರುಗುವಾಗ ದೇಹ ನೆಟ್ಟಗಿರಲು ಹೊಟ್ಟೆ, ಬೆನ್ನಿನ ಈ ಬಲ ಬೇಕು.

ಜಿಗಿತ: ಎರಡು ಕಾಲಿನಿಂದ ಜಿಗಿದು ಸದ್ದಾಗದಂತೆ ಇಳಿಯಲಿ. ದೊಪ್ಪೆಂದು ಸದ್ದಾದರೆ ಮೊಣಕಾಲು ಸಾಕಷ್ಟು ಬಾಗಿಲ್ಲವೆಂದು ಅರ್ಥ. ಇದು ಹದವಾದ ಮೇಲೆ ಒಂಟಿ ಕಾಲಿನಲ್ಲಿ ಇಳಿಯುವುದು, ನಂತರ ಕಾಲು ಸುತ್ತು, ಅರ್ಧ ಸುತ್ತು. ಕೈಗಳನ್ನು ಎದೆಗೆ ಎಳೆದುಕೊಂಡಷ್ಟೂ ಸುತ್ತು ವೇಗವಾಗುತ್ತದೆ ಎಂಬುದನ್ನು ಮಗು ಇಲ್ಲೇ ಅರಿಯುತ್ತದೆ. ಟೈಲ್ಸ್ ಮೇಲೆ ಬರಿಗಾಲಲ್ಲಿ ಬೇಡ. ಶೂ ಧರಿಸಿ, ಜಾರದ ಚಾಪೆಯ ಮೇಲೆ ಮಾಡಲಿ.

ಯುನಾನಿ ವೈದ್ಯಶಾಸ್ತ್ರ ಆರೋಗ್ಯಕ್ಕೆ ಅಗತ್ಯವೆಂದು ಹೇಳುವ ಆರು ಅಂಶಗಳಲ್ಲಿ ಶರೀರದ ಚಲನೆ ಮತ್ತು ವಿಶ್ರಾಂತಿ ಎರಡನ್ನೂ ಸೇರಿಸಿ ಒಂದಾಗಿ ಎಣಿಸಲಾಗಿದೆ. ಇಬ್ನ್ ಸೀನಾ ಅವರು 'ಅಲ್ ಕಾನೂನ್ ಫಿತ್ತಿಬ್ಬ್' ಗ್ರಂಥದಲ್ಲಿ ವ್ಯಾಯಾಮದ ಮೊದಲು ಅಂಗಗಳನ್ನು ಸಿದ್ಧಗೊಳಿಸುವ ಮತ್ತು ನಂತರ ದಣಿವಾರಿಸುವ 'ದಲ್ಕ್' ಅಂದರೆ ಅಂಗಮರ್ದನವನ್ನು ವಿವರಿಸಿದ್ದಾರೆ. ಅಭ್ಯಾಸದ ನಂತರ ಎಳ್ಳೆಣ್ಣೆ ಅಥವಾ ಆಲಿವ್ ಎಣ್ಣೆಯಿಂದ ಮೀನಖಂಡ, ತೊಡೆಗಳನ್ನು ಹಗುರವಾಗಿ ತಿಕ್ಕಬಹುದು.

ಆದರೆ ಉಳುಕಿ ಊದಿಕೊಂಡ ಕಾಲನ್ನು ತಿಕ್ಕಲೇಬೇಡಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15 ನಿಮಿಷ ಇಟ್ಟು, ಕಾಲನ್ನು ಎತ್ತರದಲ್ಲಿರಿಸಿ. ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ ಎಕ್ಸ್‌ರೇ ತೆಗೆಸಬೇಕು. ಹಿಮ್ಮಡಿಯಲ್ಲಿ ಅಥವಾ ಮೊಣಕಾಲ ಚಿಪ್ಪಿನ ಕೆಳಗೆ ನೋವು ಎರಡು ವಾರ ಕಳೆದರೂ ಹೋಗದಿದ್ದರೆ ಜಿಗಿತ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ರಮಝಾನ್‌ನಲ್ಲಿ ಉಪವಾಸವಿರುವ ಮಕ್ಕಳು ಜಿಗಿತವನ್ನು ಇಫ್ತಾರ್ ಆಗಿ ಆಹಾರ ಜೀರ್ಣವಾದ ನಂತರಕ್ಕೆ ಇಟ್ಟುಕೊಳ್ಳಲಿ. ಸಾಕಷ್ಟು ನೀರು, ನಿದ್ದೆ ಸಿಗದ ದಿನ ಒಂಟಿ ಕಾಲಿನ ನಿಲುವಷ್ಟೇ ಸಾಕು.

ಶರೀರ ಅಲ್ಲಾಹನು ನಮಗೆ ವಹಿಸಿದ ಅಮಾನತ್ತು. ಮಕ್ಕಳ ವಿಷಯದಲ್ಲಿ ಆ ಅಮಾನತ್ತಿನ ಹೊಣೆ ಪೋಷಕರದ್ದು. ಸದ್ದಿಲ್ಲದೆ ನೆಲಕ್ಕಿಳಿಯಲು ಕಲಿತ ಮಗುವನ್ನು ರಿಂಕ್‌ಗೆ ಧೈರ್ಯವಾಗಿ ಕಳುಹಿಸಬಹುದು. ಅಷ್ಟು ದಿನ ಕಾಯೋಣ.