‘ಕಿರುಕುಳ’ವೆಂಬ ಪದವೂ ದಾಂಪತ್ಯದ ನಿರ್ಬಂಧವೂ

ದಾಂಪತ್ಯದ ಪೀಡನೆಗೆ ಕನ್ನಡದಲ್ಲಿ ರೂಢಿಯಾಗಿರುವ ಮಾತು ‘ಕಿರುಕುಳ’. ಪದದ ಮೊದಲಲ್ಲೇ ‘ಕಿರು’ ಎಂಬುದಿದೆ. ಕೇಳುವವನಿಗೆ ವಿಷಯವೂ ಕಿರಿದೆಂದೇ ತೋರುವುದು. ಆದರೆ ಕೈಯೆತ್ತದೆಯೇ ಒಬ್ಬಳ ಬಾಳನ್ನು ಸೆರೆಯಾಗಿಸುವುದು ಸಾಧ್ಯ. ಚನ್ನರಾಯಪಟ್ಟಣದ ಕಡೆಯ ಮನೆಯೊಂದನ್ನು ಉದಾಹರಣೆಗಾಗಿ ಊಹಿಸಬಹುದು: ಹಸುವಿನ ಆರೈಕೆ ಹೆಂಡತಿಯದು, ಡೇರಿಯ ಬಟವಾಡೆ ಗಂಡನ ಕೈಗೆ, ತವರಿಗೆ ಹೋಗಲು ಅಪ್ಪಣೆಯಿಲ್ಲ, ಫೋನಿನ ಪ್ರತಿಯೊಂದು ಕರೆಗೂ ಲೆಕ್ಕ ಒಪ್ಪಿಸಬೇಕು. ಬಿಡಿಬಿಡಿಯಾಗಿ ಇವು ಅಲ್ಪ, ಒಟ್ಟಾದಾಗ ಸ್ವಾತಂತ್ರ್ಯಹರಣ.

ಪೋಲೀಸು ಠಾಣೆಯ ಕ್ರಮವಾದರೋ ಘಟನೆಯನ್ನು ಆಶ್ರಯಿಸಿದುದು: ಎಂದು, ಎಲ್ಲಿ, ಗಾಯವೆಷ್ಟು? 1983ರಲ್ಲಿ ದಂಡಸಂಹಿತೆಗೆ ಸೇರಿದ 498-ಎ ಕಲಮೂ, 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 85, 86ನೆಯ ಕಲಮುಗಳೂ ಮಾನಸಿಕ ಕ್ರೌರ್ಯವನ್ನು ಅಂಗೀಕರಿಸುವುವು ನಿಜ. ಆದರೆ ಅದು ಆತ್ಮಹತ್ಯೆಗೆ ದೂಡುವಷ್ಟು ಅಥವಾ ಪ್ರಾಣಕ್ಕೋ ಆರೋಗ್ಯಕ್ಕೋ ಘೋರ ಹಾನಿಯನ್ನು ತರುವಷ್ಟು ತೀವ್ರವಾಗಿರಬೇಕು. ಇಲ್ಲವೆ ಸ್ವತ್ತಿನ ಅಕ್ರಮ ಬೇಡಿಕೆಗಾಗಿ ನಡೆದ ಪೀಡನೆಯಾಗಿರಬೇಕು. “ಹೊಡೆದಿಲ್ಲ” ಎಂದು ಹೇಳುವವಳ ದೂರು ಸಂಸಾರದ ಜಗಳವೆನಿಸಿ ರಾಜಿಯಲ್ಲಿ ಮುಗಿಯುವ ಸಂಭವ ಇಲ್ಲಿಯೇ ಹುಟ್ಟುವುದು.

ಈ ಕೊರತೆಯನ್ನು ಬಹುಮಟ್ಟಿಗೆ ತುಂಬುವುದು 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ, 2005ರ ಕೌಟುಂಬಿಕ ಹಿಂಸೆಯ ಅಧಿನಿಯಮ. ಮಾತಿನ, ಮನಸ್ಸಿನ, ಹಣಕಾಸಿನ ಪೀಡನೆಗಳನ್ನೂ ಅದು ಹಿಂಸೆಯೆಂದೇ ಗಣಿಸುತ್ತದೆ; ಸಂದರ್ಭಗಳೆಲ್ಲವನ್ನೂ ಒಟ್ಟಾಗಿ ನೋಡಬೇಕೆಂದು ಅದರ 3ನೆಯ ಕಲಮು ವಿಧಿಸುತ್ತದೆ. ಕೌಟುಂಬಿಕ ಘಟನೆಯ ವರದಿಯ ನಮೂನೆಯಲ್ಲಿ, ಮನೆಯಿಂದ ಹೊರಹೋಗಗೊಡದಿರುವುದು, ಸಂಬಳವನ್ನು ಕಸಿದುಕೊಳ್ಳುವುದು ಮೊದಲಾದವು ಹೆಸರಿಸಲ್ಪಟ್ಟಿವೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಆ ವರದಿಯನ್ನು ಸಿದ್ಧಪಡಿಸುವ ಸಂರಕ್ಷಣಾಧಿಕಾರಿಯ ಹೊಣೆ, ಕರ್ನಾಟಕದ ಇತರ ತಾಲ್ಲೂಕುಗಳಲ್ಲಿರುವಂತೆ, ಶಿಶು ಅಭಿವೃದ್ಧಿ ಯೋಜನಾಧಿಕಾರಿಯದು. ಈ ಅಧಿನಿಯಮದ ಪರಿಹಾರಗಳನ್ನೂ ಉಚಿತ ಕಾನೂನು ನೆರವನ್ನೂ ದೂರುದಾರಳಿಗೆ ತಿಳಿಸುವುದು ಪೋಲೀಸರ ಕರ್ತವ್ಯ.

ಮ್ಯಾಜಿಸ್ಟ್ರೇಟರು ರಕ್ಷಣೆ, ವಾಸ, ಜೀವನಾಂಶಗಳ ಆಜ್ಞೆಯನ್ನು ನೀಡಬಹುದು. ಮೊದಲ ವಿಚಾರಣೆಯಿಂದ 60 ದಿನಗಳಲ್ಲಿ ಅರ್ಜಿಯನ್ನು ಮುಗಿಸಲು ಯತ್ನಿಸತಕ್ಕದ್ದು. ರಕ್ಷಣಾಜ್ಞೆಯನ್ನು ಮೀರಿದವನಿಗೆ ಒಂದು ವರ್ಷದವರೆಗೆ ಸೆರೆ, ಅಥವಾ 20,000 ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ಇಂಗ್ಲೆಂಡಿನಲ್ಲಿಯಾದರೆ 2015ರ ಶಾಸನವು ಇಂತಹ ನಿರಂತರ ನಿಯಂತ್ರಣವನ್ನೇ ಅಪರಾಧವೆಂದು ಸಾರಿ, ಐದು ವರ್ಷಗಳವರೆಗೆ ಸೆರೆಯನ್ನು ವಿಧಿಸಿದೆ. ಇಲ್ಲಿ ಆ ಹೆಸರಿನ ಅಪರಾಧವಿಲ್ಲ. ಆಜ್ಞೆಯ ಉಲ್ಲಂಘನೆಯಾದ ಮೇಲೆಯೇ ಈ ಅಧಿನಿಯಮದ ದಂಡನೆ.

ಆದುದರಿಂದ ಮೊದಲ ಬರವಣಿಗೆಯೇ ನಿರ್ಣಾಯಕವಾದುದು. ಬರೆದುಕೊಳ್ಳುವವನು ‘ಕಿರುಕುಳ’ವೆಂಬ ಒಂದೇ ಪದದಿಂದ ತೃಪ್ತನಾದರೆ ಹಣ, ತವರು, ಫೋನು ಇವುಗಳ ಸರಪಳಿಯು ಕಡತದಿಂದ ಮರೆಯಾಗುವುದು, ಕಡತದಲ್ಲಿಲ್ಲದುದನ್ನು ನ್ಯಾಯಾಧೀಶರು ಕಾಣುವುದು ದುಸ್ಸಾಧ್ಯ.