ಕದ್ದ ನೋಟು ನನ್ನದೇ ಎಂದು ತೋರಿಸುವುದು ಹೇಗೆ? ಮಕ್ಕಳ ಪತ್ತೇದಾರಿ ಕಾದಂಬರಿಯೊಂದರ ಒಳಗುಟ್ಟು

ಬಸ್ಸಿನಲ್ಲಿ ಕಿಸೆಗಳ್ಳನೊಬ್ಬ ನಿಮ್ಮ ನೂರು ರೂಪಾಯಿ ನೋಟನ್ನು ಎಗರಿಸುತ್ತಾನೆ. ಇಳಿದು ಓಡುವ ಮೊದಲೇ ನೀವು ಅವನನ್ನು ಹಿಡಿಯುತ್ತೀರಿ. ನೋಟು ನನ್ನದು ಎಂದು ನೀವು ಹೇಳುತ್ತೀರಿ, ನನ್ನದು ಎಂದು ಅವನೂ ಹೇಳುತ್ತಾನೆ. ನೋಟಿನ ಮೇಲೆ ಯಾರ ಹೆಸರೂ ಇರುವುದಿಲ್ಲ. ಅದರ ನಂಬರನ್ನು ಬರೆದಿಟ್ಟುಕೊಳ್ಳುವ ಅಭ್ಯಾಸ ನಮ್ಮಲ್ಲಿ ಎಷ್ಟು ಜನಕ್ಕಿದೆ? ಹಾಗಾದರೆ ಅದು ನಿಮ್ಮದೇ ಎಂದು ಸುತ್ತ ನೆರೆದವರಿಗೆ ತೋರಿಸುವುದು ಹೇಗೆ?

ಜರ್ಮನಿಯ ಲೇಖಕ ಎರಿಶ್ ಕೆಸ್ಟ್ನರ್ 1929ರಲ್ಲಿ ಈ ಒಂದು ಪ್ರಶ್ನೆಯ ಸುತ್ತ ಇಡೀ ಕಾದಂಬರಿ ಕಟ್ಟಿದರು. ಅದರ ಹೆಸರು 'ಎಮಿಲ್ ಮತ್ತು ಪತ್ತೇದಾರರು'. ಮಕ್ಕಳಿಗೆಂದು ಬರೆದದ್ದು. ಇದರಲ್ಲಿ ಕೊಲೆ ಇಲ್ಲ, ಹೆಣ ಇಲ್ಲ, ಕತ್ತಲೆ ಬಂಗಲೆಯಂತೂ ಇಲ್ಲವೇ ಇಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಓದಿ ಬೆಳೆದ ನಮ್ಮ ತಲೆಮಾರಿನವರಿಗೆ ಇದು ಸಪ್ಪೆ ಎನಿಸಬಹುದು. ಸ್ವಲ್ಪ ತಾಳಿ. (ಗುಟ್ಟು ಒಡೆಯದೆ ಇದನ್ನು ವಿವರಿಸಲಾಗದು. ಪುಸ್ತಕವನ್ನೇ ಮೊದಲು ಓದುವ ಆಸೆಯಿದ್ದವರು ಇಲ್ಲಿಗೇ ನಿಲ್ಲಿಸಬಹುದು.)

ಎಮಿಲ್ ಟಿಶ್‌ಬೈನ್ ಸಣ್ಣ ಊರಿನ ಹುಡುಗ. ತಂದೆ ಇಲ್ಲ. ತಾಯಿ ಮನೆಯಲ್ಲೇ ಹೆಂಗಸರ ತಲೆಗೂದಲು ತೊಳೆದು, ಒಪ್ಪ ಮಾಡಿ ಸಂಸಾರ ನಡೆಸುತ್ತಾಳೆ. ರಜೆಗೆಂದು ಬರ್ಲಿನ್‌ಗೆ ಹೊರಟ ಮಗನ ಕೈಗೆ 140 ಮಾರ್ಕ್ ಕೊಡುತ್ತಾಳೆ. ಅದರಲ್ಲಿ 120 ಅಜ್ಜಿಗೆ, ಉಳಿದ 20 ಅವನ ಖರ್ಚಿಗೆ. ಒಂದು ನೂರರ ನೋಟು, ಎರಡು ಇಪ್ಪತ್ತರ ನೋಟು. ದುಡ್ಡಿರುವವರಿಗೆ ಅದು ದೊಡ್ಡ ಮೊತ್ತವಲ್ಲ. ಆದರೆ ತಾಯಿ ಎಷ್ಟು ತಲೆ ತೊಳೆದು ಅದನ್ನು ಕೂಡಿಸಿದ್ದಾಳೆಂಬುದು ಮಗನಿಗೆ ಗೊತ್ತು. ಓದುಗನಿಗೆ ಅವನ ಹೊಟ್ಟೆಯ ತಳಮಳ ತಟ್ಟುವುದು ಇಲ್ಲೇ.

ರೈಲಿನಲ್ಲಿ ಗುಂಡು ಟೋಪಿಯ ಗೃಹಸ್ಥನೊಬ್ಬ ಚಾಕಲೇಟು ಕೊಟ್ಟು ಮಾತಾಡಿಸುತ್ತಾನೆ. ಡಬ್ಬಿಯಲ್ಲಿ ಇವರಿಬ್ಬರೇ ಉಳಿದಾಗ ಎಮಿಲ್‌ಗೆ ನಿದ್ದೆ ಹತ್ತುತ್ತದೆ. ಎಚ್ಚರವಾದಾಗ ಟೋಪಿಯವನೂ ಇಲ್ಲ, ದುಡ್ಡೂ ಇಲ್ಲ.

ಮಕ್ಕಳಿಗಾಗಿ ಪತ್ತೇದಾರಿ ಕತೆ ಬರೆಯುವವರಿಗೆ ಇಲ್ಲೊಂದು ದೊಡ್ಡ ತೊಡಕು ಇದೆ. ಹುಡುಗ ಪೊಲೀಸರಿಗೆ ಹೇಳಿಬಿಟ್ಟರೆ ಕತೆ ಅಲ್ಲಿಗೇ ಮುಗಿಯಿತು. ಹೇಳದಿರಲು ನಂಬುವಂಥ ಕಾರಣ ಬೇಕು. ಅನೇಕ ಲೇಖಕರು ಈ ಪ್ರಶ್ನೆಯನ್ನು ಹಾರಿಸಿಬಿಡುತ್ತಾರೆ. ಕೆಸ್ಟ್ನರ್ ಕೊಟ್ಟ ಕಾರಣ ನಗು ತರಿಸುವಂಥದ್ದು, ಆದರೆ ಗಟ್ಟಿಯಾದದ್ದು. ಊರಿನ ದೊರೆಯ ಪ್ರತಿಮೆಗೆ ಎಮಿಲ್ ಕೆಂಪು ಮೂಗು, ಕರಿ ಮೀಸೆ ಬರೆದಿದ್ದಾನೆ. ಪೊಲೀಸರನ್ನು ಕಂಡರೆ ತನ್ನನ್ನೇ ಹಿಡಿದಾರು ಎಂಬ ಭಯ ಅವನಿಗೆ. ಹೀಗಾಗಿ ಬೆನ್ನು ಹತ್ತುವುದನ್ನು ಬಿಟ್ಟರೆ ಬೇರೆ ದಾರಿ ಇಲ್ಲ.

ಬರ್ಲಿನ್‌ನ ಬೀದಿಯಲ್ಲಿ ಅವನಿಗೆ ಗುಸ್ಟಾವ್ ಎಂಬ ಹುಡುಗ ಜೊತೆಯಾಗುತ್ತಾನೆ. ಅವನ ಕಿಸೆಯಲ್ಲಿ ಸದಾ ಕಾರಿನ ಹಾರನ್. ಅವನು ಕರೆದರೆ ಓಣಿಯ ಹುಡುಗರೆಲ್ಲ ಹಾಜರು. ಕನ್ನಡಕದ ಹುಡುಗನೊಬ್ಬನಿಗೆ 'ಪ್ರೊಫೆಸರ್' ಎಂದೇ ಹೆಸರು, ಯೋಜನೆ ಅವನದು. ಇದ್ದ ಚಿಲ್ಲರೆಯನ್ನೆಲ್ಲ ಒಟ್ಟುಗೂಡಿಸುತ್ತಾರೆ. ಅಜ್ಜಿ ಗಾಬರಿಯಾಗದಂತೆ ಒಬ್ಬನ ಕೈಯಲ್ಲಿ ಚೀಟಿ ಕಳಿಸುತ್ತಾರೆ. ಎಲ್ಲರಿಗಿಂತ ಚಿಕ್ಕವನಾದ ಡೀನ್ಸ್‌ಟಾಗ್, ಅಂದರೆ ಜರ್ಮನ್‌ನಲ್ಲಿ 'ಮಂಗಳವಾರ', ಮನೆಯಲ್ಲಿ ಫೋನಿನ ಪಕ್ಕ ಕೂತಿರಬೇಕು. ಬೇಟೆ ಬೇರೆ ಕಡೆ, ಅವನ ಪಾಲಿಗೆ ಬರೀ ಕಾಯುವುದು. ಅವನಿಗೂ ಹೊರಗೆ ಓಡುವ ಆಸೆ, ಆದರೂ ಜಾಗ ಬಿಟ್ಟು ಕದಲುವುದಿಲ್ಲ. ಕೊನೆಗೆ ಅಜ್ಜಿ ಎಲ್ಲರ ಮುಂದೆ ಹೊಗಳುವುದು ಅವನನ್ನೇ. ನನಗೆ ಈ ಪುಸ್ತಕದಲ್ಲಿ ಎಲ್ಲರಿಗಿಂತ ಇಷ್ಟವಾದ ಪಾತ್ರವೂ ಅದೇ.

ಮರುದಿನ ಬೆಳಿಗ್ಗೆ ಕಳ್ಳ ಹೋಟೆಲಿನಿಂದ ಹೊರಬಿದ್ದರೆ ಬೀದಿ ತುಂಬ ಮಕ್ಕಳು. ಯಾರೂ ಅವನನ್ನು ಮುಟ್ಟುವುದಿಲ್ಲ. ಅವನು ನಡೆದಲ್ಲಿ ಅವರೂ ನಡೆಯುತ್ತಾರೆ, ನಿಂತಲ್ಲಿ ನಿಲ್ಲುತ್ತಾರೆ. ಕಂಗೆಟ್ಟ ಅವನು ಬ್ಯಾಂಕಿನೊಳಗೆ ನುಗ್ಗಿ ನೋಟಿಗೆ ಚಿಲ್ಲರೆ ಕೇಳುತ್ತಾನೆ. ಮಕ್ಕಳು ಒಳಗೆ ನುಗ್ಗಿ ಅದು ಕದ್ದ ದುಡ್ಡು ಎನ್ನುತ್ತಾರೆ. ಬ್ಯಾಂಕಿನವರಿಗೆ ಬೇಕಾದದ್ದು ಪುರಾವೆ. ನಾವು ಮೊದಲು ಕೇಳಿದ ಪ್ರಶ್ನೆ ಎದುರು ನಿಂತಿತು.

ಉತ್ತರ, ಗುಂಡುಸೂಜಿ. ರೈಲಿನಲ್ಲಿ ದುಡ್ಡು ಬಿದ್ದುಹೋದೀತೆಂದು ಎಮಿಲ್ ಮೂರೂ ನೋಟುಗಳನ್ನು ಲಕೋಟೆಯ ಸಮೇತ ಕೋಟಿನ ಅಸ್ತರಿಗೆ ಗುಂಡುಸೂಜಿಯಿಂದ ಚುಚ್ಚಿಟ್ಟಿದ್ದ. ಕ್ಯಾಷಿಯರ್ ನೋಟುಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಸಣ್ಣ ತೂತುಗಳು!

ಈ ಸೂಜಿಯನ್ನು ಲೇಖಕರು ಎಲ್ಲಿಯೂ ಮುಚ್ಚಿಟ್ಟಿಲ್ಲ. ಚುಚ್ಚುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಕಳ್ಳತನವಾದ ಮೇಲೆ ಕಿಸೆ ತಡಕುವ ಹುಡುಗನ ಬೆರಳಿಗೆ ಅದೇ ಸೂಜಿ ನಾಟುವುದನ್ನೂ ಕಂಡಿದ್ದೇವೆ. ಆದರೂ ಬ್ಯಾಂಕಿನ ತನಕ ಹೊಳೆಯುವುದಿಲ್ಲ. ಯಾಕೆಂದರೆ ಸೂಜಿ ನಮ್ಮ ಕಣ್ಣಿಗೆ ಬಿದ್ದದ್ದು ಕೆಲಸಕ್ಕೆ ಬಾರದ ಮುನ್ನೆಚ್ಚರಿಕೆಯಾಗಿ. ಚುಚ್ಚಿಟ್ಟರೂ ದುಡ್ಡು ಹೋಯಿತಲ್ಲ ಎಂದು ಮರುಗಿ ಅದನ್ನು ಮರೆತಿರುತ್ತೇವೆ. ಎಷ್ಟೋ ಪತ್ತೇದಾರಿ ಕತೆಗಳಲ್ಲಿ ನಾಯಕ ಕೊನೆಯ ಪುಟದಲ್ಲಿ ಯಾವುದೋ ಕಾಗದವನ್ನು ಹೊರತೆಗೆದು ನಮ್ಮನ್ನು ಬೆಪ್ಪು ಮಾಡುತ್ತಾನೆ. ಅದು ಓದುಗನಿಗೆ ಮಾಡುವ ಮೋಸ. ಇಲ್ಲಿ ಹಾಗಿಲ್ಲ, ಎಮಿಲ್‌ಗೆ ಗೊತ್ತಿದ್ದದ್ದೆಲ್ಲ ಓದುವ ಮಗುವಿಗೂ ಗೊತ್ತು.

ಕೆಸ್ಟ್ನರ್ ಹುಟ್ಟಿದ್ದು 1899ರಲ್ಲಿ, ಡ್ರೆಸ್ಡೆನ್ ನಗರದಲ್ಲಿ. ಅವರ ತಾಯಿಯೂ ಮನೆಯಲ್ಲೇ ಕೇಶಾಲಂಕಾರ ಮಾಡಿ ಮಗನನ್ನು ಓದಿಸಿದವರು. ತಂದೆಯ ಹೆಸರೇ ಎಮಿಲ್. ಮಕ್ಕಳಿಗಾಗಿ ಬರೆಯಿರಿ ಎಂದು ಒತ್ತಾಯಿಸಿದವರು ಪ್ರಕಾಶಕಿ ಎಡಿತ್ ಯಾಕೋಬ್‌ಸೋನ್, ಚಿತ್ರ ಬರೆದವರು ವಾಲ್ಟರ್ ಟ್ರಿಯರ್. ಇಬ್ಬರೂ ಯಹೂದಿಗಳು. ಹಿಟ್ಲರನ ಆಳ್ವಿಕೆಯಲ್ಲಿ ಇಬ್ಬರೂ ದೇಶ ಬಿಡಬೇಕಾಯಿತು. 1933ರ ಮೇ 10ರಂದು ಬರ್ಲಿನ್‌ನಲ್ಲಿ ನಾಜಿಗಳು ಪುಸ್ತಕಗಳನ್ನು ಸುಟ್ಟಾಗ ಕೆಸ್ಟ್ನರ್ ಗುಂಪಿನಲ್ಲಿ ನಿಂತು ತಮ್ಮ ಪುಸ್ತಕಗಳು ಉರಿಯುವುದನ್ನು ನೋಡಿದರು. ತುಂಬಾ ಜನಪ್ರಿಯವಾಗಿದ್ದ 'ಎಮಿಲ್' ಅಂದು ಬೆಂಕಿಯಿಂದ ಪಾರಾಯಿತು, ಮುಂದೆ ಅದಕ್ಕೂ ನಿಷೇಧ ಬಂತು.

1931ರಲ್ಲೇ ಇದು ಚಲನಚಿತ್ರವೂ ಆಗಿತ್ತು. ಚಿತ್ರಕತೆ ಬರೆದದ್ದು, ಮುಂದೆ ಹಾಲಿವುಡ್‌ನಲ್ಲಿ ಹೆಸರಾದ ಬಿಲ್ಲಿ ವೈಲ್ಡರ್. ಎಮಿಲ್ ಆಗಿ ನಟಿಸಿದ ರೋಲ್ಫ್ ವೆಂಕ್‌ಹೌಸ್ ಮತ್ತು ಪುಟ್ಟ ಡೀನ್ಸ್‌ಟಾಗ್ ಆಗಿದ್ದ ಹಾನ್ಸ್ ಲೋರ್, ಇಬ್ಬರೂ 1942ರಲ್ಲಿ ಯುದ್ಧದಲ್ಲಿ ಸತ್ತರು. ಆ ಚಿತ್ರವನ್ನು ಈಗ ನೋಡುವಾಗ ಇದನ್ನು ಮರೆಯುವುದು ಕಷ್ಟ.

ಪುಸ್ತಕ 'ಎಮಿಲ್ ಆ್ಯಂಡ್ ದಿ ಡಿಟೆಕ್ಟಿವ್ಸ್' ಎಂಬ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ಸಿಗುತ್ತದೆ, ಹೈಸ್ಕೂಲು ಮಕ್ಕಳಿಗೆ ಕಷ್ಟವಾಗದು. ಮೂಲದಲ್ಲಿ ಬರ್ಲಿನ್ ಹುಡುಗರು ಶಾಲೆಯ ಜರ್ಮನ್ ಆಡದೆ ತಮ್ಮ ಓಣಿಯ ಮಾತನ್ನೇ ಆಡುತ್ತಾರೆ. ಮನೆಯಲ್ಲೊಂದು, ಶಾಲೆಯಲ್ಲೊಂದು, ಸಂತೆಯಲ್ಲಿ ಮತ್ತೊಂದು ಮಾತಾಡುವ ನಮ್ಮ ಗಡಿಯೂರಿನ ಹುಡುಗರಿಗೆ ಇದು ಹೊಸದೇನಲ್ಲ. ಇದನ್ನು ಕನ್ನಡಕ್ಕೆ ತರಲು ಕೂತವರು ಗುಸ್ಟಾವನ ಬಾಯಲ್ಲಿ ಯಾವ ಕನ್ನಡ ಇಟ್ಟಾರು? ಕಾಸರಗೋಡಿನವರನ್ನು ಕೇಳಿದರೆ ಒಂದು ಹೇಳಿಯಾರು, ಜತ್ತಿನವರನ್ನು ಕೇಳಿದರೆ ಇನ್ನೊಂದು.